ಎಡಿಸನ್ ತಾಯಿ ಪತ್ರವನ್ನು ತಿರುಚಿ ಓದಿದರೇ? ಫಾರ್ವರ್ಡ್ ಕಥೆಯ ಹಿಂದಿನ ನಿಜ ಬದುಕು

ಈ ಕಥೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬಾಲಕ ಥಾಮಸ್ ಎಡಿಸನ್ ಶಾಲೆಯಿಂದ ಒಂದು ಪತ್ರ ತರುತ್ತಾನೆ. ಮಗ ಮಹಾ ಬುದ್ಧಿವಂತ, ಅವನಿಗೆ ಕಲಿಸುವಷ್ಟು ಒಳ್ಳೆಯ ಶಿಕ್ಷಕರು ಅಲ್ಲಿಲ್ಲವಂತೆ ಎಂದು ತಾಯಿ ಓದಿ ಹೇಳುತ್ತಾರೆ. ತಾಯಿ ತೀರಿಕೊಂಡು ಎಷ್ಟೋ ವರ್ಷಗಳ ನಂತರ ಆ ಪತ್ರ ಎಡಿಸನ್ ಕೈಗೆ ಸಿಗುತ್ತದೆ. ನೋಡಿದರೆ, ಮಗನಿಗೆ ಬುದ್ಧಿ ನೆಟ್ಟಗಿಲ್ಲ, ಇನ್ನು ಶಾಲೆಗೆ ಕಳಿಸಬೇಡಿ ಎಂದು ಅದರಲ್ಲಿ ಬರೆದಿರುತ್ತದೆ.

ಓದಿದವರ ಕಣ್ಣು ತುಂಬುತ್ತದೆ, ತಕ್ಷಣ ಶೇರ್ ಮಾಡುತ್ತಾರೆ. ಆದರೆ ಇದು ನಡೆದದ್ದಲ್ಲ.

ಹಾಗಾದರೆ ನಡೆದದ್ದೇನು?

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಕಂಡದ್ದನ್ನೆಲ್ಲ ಮಾಡಿ ನೋಡುವ ಮಗು ಅದು. ಬಾತುಕೋಳಿ ಮೊಟ್ಟೆಯ ಮೇಲೆ ಕೂತರೆ ಮರಿ ಬರುತ್ತದೆ ಎಂದು ತಿಳಿದದ್ದೇ ತಡ, ತಾನೂ ಮೊಟ್ಟೆಗಳ ಮೇಲೆ ಕೂತಿದ್ದನಂತೆ. ಬೆಂಕಿ ಏನು ಮಾಡುತ್ತದೆ ಎಂದು ನೋಡಲು ಹೋಗಿ ಅಪ್ಪನ ಕೊಟ್ಟಿಗೆಯನ್ನೇ ಸುಟ್ಟ. ಅದಕ್ಕೆ ಊರವರ ಮುಂದೆಯೇ ಏಟು ಬಿತ್ತು.

1854ರಲ್ಲಿ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ಗೆ ಬಂತು. ಅಲ್ಲಿ ಶಾಲೆಗೆ ಹೋದದ್ದು ಕೆಲವೇ ತಿಂಗಳು. ಈ ಹುಡುಗನ ತಲೆ ಸರಿಯಿಲ್ಲ ಎಂದು ಶಿಕ್ಷಕರು ಶಾಲಾ ತನಿಖಾಧಿಕಾರಿಗೆ ಹೇಳುತ್ತಿದ್ದದ್ದು ಅವನ ಕಿವಿಗೇ ಬಿತ್ತು. ಅಳುತ್ತಾ ಮನೆಗೆ ಓಡಿದ. ತಾಯಿ ನ್ಯಾನ್ಸಿ ಅವನನ್ನು ಕರೆದುಕೊಂಡು ಶಾಲೆಗೆ ಹೋಗಿ ಶಿಕ್ಷಕರನ್ನು ತರಾಟೆಗೆ ತೆಗೆದುಕೊಂಡರು. ಮುಂದೆ ಮನೆಯಲ್ಲೇ ಪಾಠ ಶುರುವಾಯಿತು. ಇದನ್ನೆಲ್ಲ ಎಡಿಸನ್ ದೊಡ್ಡವರಾದ ಮೇಲೆ ತಾವೇ ಹೇಳಿಕೊಂಡಿದ್ದಾರೆ.

ಅಂದರೆ ಅವರಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ತಾಯಿ ಏನನ್ನೂ ಮುಚ್ಚಿಡಲಿಲ್ಲ, ಮಗನ ಪರ ನಿಂತರು ಅಷ್ಟೆ.

ನೆಲಮಾಳಿಗೆಯ ಪ್ರಯೋಗಶಾಲೆ

ನ್ಯಾನ್ಸಿ ಹಿಂದೆ ಶಿಕ್ಷಕಿಯಾಗಿದ್ದವರು. ಓದಿನ ರುಚಿ ಹತ್ತಿಸಿದರು. ಮಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ರಿಚರ್ಡ್ ಪಾರ್ಕರ್ ಬರೆದ ವಿಜ್ಞಾನದ ಪುಸ್ತಕವೊಂದು ಕೈಗೆ ಬಂತು. ಅದರಲ್ಲಿದ್ದ ಪ್ರಯೋಗಗಳನ್ನು ಒಂದೊಂದಾಗಿ ಮಾಡಿ ನೋಡತೊಡಗಿದ. ಮನೆಯ ನೆಲಮಾಳಿಗೆ ಬಾಟಲಿಗಳಿಂದ ತುಂಬಿತು. ಬೇರೆಯವರು ಮುಟ್ಟಬಾರದೆಂದು ಎಲ್ಲದರ ಮೇಲೂ ವಿಷ ಎಂದು ಬರೆದಿಟ್ಟ.

ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ನೀರಿಗೆ ಹಾಕಿದರೆ ನೊರೆ ಉಕ್ಕುವ ಹೊಟ್ಟೆಯ ಔಷಧಿ ಪುಡಿಯನ್ನು ಒಮ್ಮೆ ಜೊತೆಗಾರನೊಬ್ಬನಿಗೆ ಕುಡಿಸಿದ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದರೆ ಅವನು ಬಲೂನಿನಂತೆ ಹಾರಬಹುದು ಎಂಬ ಲೆಕ್ಕಾಚಾರ! ಪಾಪ, ಆ ಹುಡುಗ ಹೊಟ್ಟೆನೋವಿನಿಂದ ಒದ್ದಾಡಿದ. ಆಗ ತಾಯಿಯೂ ಬೆತ್ತ ಹಿಡಿದರು. ಅದು ಆ ಕಾಲದ ರೂಢಿ, ನಾವು ಅನುಸರಿಸಬೇಕಾದದ್ದಲ್ಲ. ಪ್ರಯೋಗಶಾಲೆ ಮಾತ್ರ ಉಳಿಯಿತು, ಆದರೆ ಸಾಮಾನುಗಳನ್ನು ಬೀಗ ಹಾಕಿ ಇಡಬೇಕೆಂಬ ಕಟ್ಟಳೆಯೊಂದಿಗೆ.

12ನೇ ವಯಸ್ಸಿಗೆ ರೈಲಿನಲ್ಲಿ ಪೇಪರ್ ಮಾರತೊಡಗಿದ ಎಡಿಸನ್, ಲಗೇಜ್ ಬೋಗಿಯಲ್ಲೂ ಪ್ರಯೋಗ ಮಾಡಿದರು. ರಂಜಕ ಬಿದ್ದು ಬೋಗಿಗೆ ಬೆಂಕಿ ಹತ್ತಿತು. 1862ರಲ್ಲಿ ಸ್ಟೇಷನ್ ಮಾಸ್ಟರ್ ಒಬ್ಬರ ಪುಟ್ಟ ಮಗನನ್ನು ರೈಲಿನಡಿ ಸಿಗದಂತೆ ಕಾಪಾಡಿದರು. ಆ ಕೃತಜ್ಞತೆಗೆ ಅವರು ಟೆಲಿಗ್ರಾಫ್ ಕಲಿಸಿದರು. ಅಲ್ಲಿಂದ ದಾರಿ ತೆರೆಯಿತು. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಹಳ ಹೊತ್ತು ಉರಿಯುವ ವಿದ್ಯುತ್ ಬಲ್ಬ್. 1931ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಅಮೆರಿಕದಲ್ಲಿ ದಾಖಲಾದ ಪೇಟೆಂಟ್‌ಗಳು ಒಟ್ಟು 1093. ನ್ಯಾನ್ಸಿ ಇದ್ಯಾವುದನ್ನೂ ನೋಡಲಿಲ್ಲ, 1871ರಲ್ಲೇ ತೀರಿಕೊಂಡಿದ್ದರು.

ನಮ್ಮ ಮನೆಯ ಮಕ್ಕಳಿಗೆ ಇದರಿಂದೇನು?

ಶಾಲೆ ಬಿಟ್ಟರೆ ಎಡಿಸನ್ ಆಗಬಹುದು ಎಂಬುದು ಇದರ ಅರ್ಥವಲ್ಲ. ಅವರಿಗೆ ಮನೆಯಲ್ಲೇ ಒಬ್ಬ ಒಳ್ಳೆಯ ಶಿಕ್ಷಕಿ ಇದ್ದರು. ತುಂಟತನವೆಲ್ಲ ಜಾಣತನ ಎಂದೂ ಅಲ್ಲ. ಸುಟ್ಟುಹೋದ ಕೊಟ್ಟಿಗೆ ನಿಜವಾಗಿಯೂ ಸುಟ್ಟುಹೋಯಿತು.

ಮಗು ರಿಮೋಟ್ ಬಿಚ್ಚಿದರೆ, ಹಿಟ್ಟಿನ ಡಬ್ಬಿಗೆ ನೀರು ಸುರಿದರೆ ನಮಗೆ ಮೊದಲು ಬರುವುದು ಸಿಟ್ಟು. ಅದು ಏನನ್ನು ತಿಳಿಯಲು ಹೊರಟಿತ್ತು ಎಂದು ಒಮ್ಮೆ ಕೇಳಿ ನೋಡೋಣ. ಹಳೆಯ ಟಾರ್ಚು, ಒಂದು ಬಕೆಟ್ ನೀರು, ಗಲೀಜು ಮಾಡಬಹುದಾದ ಒಂದು ಮೂಲೆ ಕೊಡೋಣ, ಪಕ್ಕದಲ್ಲೇ ಕೂರೋಣ. ಆಸಿಡ್, ಫಿನಾಯಿಲ್, ಮಾತ್ರೆ, ಬೆಂಕಿಪೊಟ್ಟಣ ಮಾತ್ರ ಬೀಗದೊಳಗೇ ಇರಲಿ. ಬಾಟಲಿಯ ಮೇಲೆ ವಿಷ ಎಂದು ಬರೆದರೆ ಸಾಲದು, ಪುಟ್ಟ ಮಕ್ಕಳಿಗೆ ಓದಲು ಬರುವುದಿಲ್ಲ.

ಆ ಪತ್ರದ ಕಥೆ ಮತ್ತೆ ಗ್ರೂಪಿಗೆ ಬಂದರೆ, ಬದಲಿಗೆ ಈ ನೆಲಮಾಳಿಗೆಯ ಕಥೆಯನ್ನು ಕಳಿಸಿ.