ಪ್ರೋಟೀನಿನ ಮಡಿಕೆಗೆ ಮೇರೆ ಗುರುತಿಸಿದ ಜಿ. ಎನ್. ರಾಮಚಂದ್ರನ್

ಮಾನವ ಶರೀರದ ಸಕಲ ವ್ಯಾಪಾರಗಳಿಗೂ ಆಧಾರವಾದ ಪ್ರೋಟೀನು ಅಮೈನೊ ಆಮ್ಲಗಳೆಂಬ ಕೊಂಡಿಗಳಿಂದಾದ ಸರಪಣಿ. ಬಹುಪಾಲು ಪ್ರೋಟೀನುಗಳು ತಕ್ಕ ರೀತಿಯಲ್ಲಿ ಮಡಿಚಿಕೊಂಡಾಗಲೇ ತಮ್ಮ ಕಾರ್ಯವನ್ನು ನೆರವೇರಿಸಬಲ್ಲವು. ರೂಪ ಕೆಟ್ಟರೆ ರೋಗಕ್ಕೆ ಎಡೆಯಾಗುತ್ತದೆ. ಈ ಸರಪಣಿ ಎತ್ತ ಬಾಗಬಹುದು, ಎತ್ತ ಬಾಗಲಾರದು ಎಂಬುದನ್ನು ಲೆಕ್ಕ ಹಾಕಿ ತೋರಿಸಿದ ಮಹನೀಯರು ಜಿ. ಎನ್. ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಬಂದರು. ಅವರ ಪ್ರತಿಭೆಯನ್ನು ಗುರುತಿಸಿದ ಸರ್ ಸಿ. ವಿ. ರಾಮನ್ ಅವರನ್ನು ಭೌತಶಾಸ್ತ್ರ ವಿಭಾಗಕ್ಕೆ ಸೇರಿಸಿಕೊಂಡರು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದ ರಾಮಚಂದ್ರನ್, ಮೂವತ್ತು ತುಂಬುವ ಮುನ್ನವೇ, 1952ರಲ್ಲಿ, ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆ, ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳ ಹೆಣಿಗೆಯೆಂದು ಅವರೂ ಗೋಪಿನಾಥ್ ಕರ್ತಾ ಅವರೂ 1954ರಲ್ಲಿ ಪ್ರತಿಪಾದಿಸಿದರು. ಆ ಮಾದರಿಯಲ್ಲಿ ಪರಮಾಣುಗಳು ಪರಸ್ಪರ ತೀರ ಸಮೀಪವಾಗಿವೆಯೆಂದು ವಿದೇಶದ ವಿದ್ವಾಂಸರು ಆಕ್ಷೇಪವೆತ್ತಿದರು. ರಾಮಚಂದ್ರನ್ ಆ ಆಕ್ಷೇಪವನ್ನೇ ಸಂಶೋಧನೆಯ ಪ್ರಶ್ನೆಯನ್ನಾಗಿ ಮಾಡಿಕೊಂಡರು: ಪರಮಾಣುಗಳು ನಿಜಕ್ಕೂ ಎಷ್ಟು ಸಮೀಪಿಸಬಲ್ಲವು? ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ಪರಿಶೀಲಿಸಿ ಅವರು ಆ ಅಂತರಗಳನ್ನು ನಿರ್ಧರಿಸಿದರು.

ಸರಪಣಿಯ ಪ್ರತಿಯೊಂದು ಕೊಂಡಿಯಲ್ಲೂ ತಿರುಗಲು ಅವಕಾಶವಿರುವ ಎರಡು ಬಂಧಗಳಿವೆ. ಆ ಎರಡು ಕೋನಗಳನ್ನು ನಕ್ಷೆಯ ಅಡ್ಡಕ್ಕೂ ಉದ್ದಕ್ಕೂ ಗುರುತಿಸಿ, ಪರಮಾಣುಗಳು ಒಂದಕ್ಕೊಂದು ತಾಗದ ನೆಲೆಗಳನ್ನು ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಲೆಕ್ಕ ಹಾಕಿದರು. ನಕ್ಷೆಯ ಬಹುಭಾಗ ನಿಷಿದ್ಧ, ಕೆಲವು ಪ್ರದೇಶಗಳು ಮಾತ್ರ ಸಾಧ್ಯ ಎಂದು ತಿಳಿದುಬಂದಿತು. 1963ರಲ್ಲಿ ಪ್ರಕಟವಾದ ಇದೇ ಜಗದ್ವಿಖ್ಯಾತ ರಾಮಚಂದ್ರನ್ ನಕ್ಷೆ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಅವರು ಕಟ್ಟಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಗಣಿತ ವಿಧಾನವು ಮೆದುಳಿನ ಒಳಚಿತ್ರವನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ತಂತ್ರಕ್ಕೆ ನೆರವಾಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಜೀವನದ ಸಂಧ್ಯಾಕಾಲದಲ್ಲಿ ಪಾರ್ಕಿನ್ಸನ್ ರೋಗ ಅವರನ್ನು ಬಾಧಿಸಿತು. ಆ ರೋಗದಲ್ಲಿ ನರಕೋಶಗಳೊಳಗೆ ಮುದ್ದೆಗಟ್ಟುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನೆಂದು 1997ರಲ್ಲಿ ತಿಳಿದುಬಂದಿತು. ಪ್ರೋಟೀನಿನ ರೂಪವನ್ನರಿಯಲು ಬಾಳನ್ನೇ ಮುಡಿಪಾಗಿಟ್ಟ ಆ ಚೇತನ, ಪ್ರೋಟೀನೊಂದು ರೂಪಗೆಡುವ ವ್ಯಾಧಿಯಿಂದಲೇ ಬಳಲಿ, 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅಸ್ತಂಗತವಾಯಿತು. ಇಂದಿಗೂ ಹೊಸದಾಗಿ ಕಂಡುಹಿಡಿದ ಪ್ರೋಟೀನಿನ ರಚನೆ ಸರಿಯೇ ಎಂದು ಒರೆಹಚ್ಚಲು ಜಗತ್ತಿನ ಪ್ರಯೋಗಶಾಲೆಗಳು ಅವರ ನಕ್ಷೆಯನ್ನೇ ಆಶ್ರಯಿಸುತ್ತವೆ. ಆಕ್ಷೇಪಕ್ಕೆ ಅಧ್ಯಯನದಿಂದಲೇ ಉತ್ತರ ಕೊಟ್ಟ ಆ ಬಾಳು ಗುರುಗಳಿಗೂ ಶಿಷ್ಯರಿಗೂ ಆದರ್ಶಪ್ರಾಯವಾದುದು.