ಗಂಟು ಹೊತ್ತ ಗ್ರಂಥಕರ್ತರು: ಗಳಗನಾಥರ ಜೀವಿತ



ಸಂಬಳದ ಕೆಲಸವು ಕೈಯಲ್ಲಿರುವಾಗಲೇ ಮನೆಯಲ್ಲಿ ಇನ್ನೊಂದು ಉದ್ಯೋಗವನ್ನು ಆರಂಭಿಸಬಹುದೋ, ಆರಂಭಿಸಿದರೆ ಅದನ್ನು ಎಷ್ಟರ ವರೆಗೆ ನಂಬಬಹುದೋ ಎಂಬ ವಿಚಾರವು ಅನೇಕ ಕುಟುಂಬಗಳಲ್ಲಿ ನಡೆಯುತ್ತಿರುವದು. ಶೇಷಾದ್ರಿಪುರದಂಥ ಬಡಾವಣೆಗಳಲ್ಲಿ ಹಗಲು ಕಚೇರಿಗೆ ಹೋಗಿ ರಾತ್ರಿ ಹೊಲಿಗೆಯ ಯಂತ್ರದ ಮುಂದೆ ಕೂಡುವವರುಂಟು. ಹಳ್ಳಿಗಳಲ್ಲಿ ಪಾಠಶಾಲೆಯ ಕೆಲಸದೊಂದಿಗೆ ರೇಷ್ಮೆಯ ಹುಳು ಸಾಕುವವರುಂಟು. ಇಂಥವರು ತಿಳಿದುಕೊಳ್ಳತಕ್ಕ ಒಬ್ಬ ಉಪಾಧ್ಯಾಯರ ಜೀವಿತವನ್ನು ಇಲ್ಲಿ ಬರೆಯುತ್ತೇವೆ. ಅವರು ಮಾರಿದ ಸರಕು ಬಟ್ಟೆಯಲ್ಲ, ಕಾಳಲ್ಲ. ಅವರೇ ಬರೆದ ಕನ್ನಡ ಕಾದಂಬರಿಗಳು.

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ ಗಳಗನಾಥವೆಂಬ ಗ್ರಾಮವಿದೆ. ಈಗ ಅದು ಹಾವೇರಿ ಜಿಲ್ಲೆಗೆ ಸೇರಿದ್ದು. ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟಿದರು. ಕುಲಕರ್ಣಿ ಎಂದರೆ ಊರಿನ ಲೆಕ್ಕ ಬರೆಯುವವರು, ಮೈಸೂರು ಸೀಮೆಯ ಶಾನುಭೋಗರ ಹಾಗೆ. ಮುಂದೆ ಲೋಕವು ಅವರನ್ನು ಆ ಮನೆತನದ ಹೆಸರಿನಿಂದ ಕರೆಯದೆ ಊರಿನ ಹೆಸರಿನಿಂದಲೇ ಗಳಗನಾಥರೆಂದು ಕರೆಯಿತು.

ಅವರು ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಯ ಉಪಾಧ್ಯಾಯರಾದರು. ಆ ಕಾಲದಲ್ಲಿ ಹಳ್ಳಿಯ ಮಾಸ್ತರರ ಸಂಬಳವು ಅಲ್ಪವಾದರೂ ತಿಂಗಳಿಗೆ ತಪ್ಪದೆ ಬರುವಂಥದು. ಊರಲ್ಲಿ ಮರ್ಯಾದೆಯೂ ಇತ್ತು. ಇಂಥ ಕೆಲಸದಲ್ಲಿದ್ದುಕೊಂಡೇ ಅವರು ಬರೆಯಲಾರಂಭಿಸಿದರು. ಆ ಸೀಮೆಯಲ್ಲಿ ಮರಾಠಿಯು ಬಲವಾಗಿತ್ತು. ಓದು ಬಲ್ಲವರು ಮರಾಠಿ ಪುಸ್ತಕಗಳನ್ನು ಓದುತ್ತಿದ್ದರು. ಕನ್ನಡಕ್ಕಾಗಿ ದುಡಿಯುವದಕ್ಕೆ ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಗಳಗನಾಥರ ಮೊದಲ ಕಾದಂಬರಿಗಳಲ್ಲೊಂದಾದ ‘ಪ್ರಬುದ್ಧ ಪದ್ಮನಯನೆ’ಯು ಈ ಕಾಲದ್ದು.

ಬರೆಯುವದು ಒಂದು, ಮಾರುವದು ಇನ್ನೊಂದು. ಇದನ್ನು ನಮ್ಮ ಓದುಗರು ಚೆನ್ನಾಗಿ ಆಲೋಚಿಸಬೇಕು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟ್ಟೆಲರ ದೊಡ್ಡ ನಿಘಂಟು ಹೊರಬಿದ್ದಾಗ ಅದರ ಹಿಂದೆ ಒಂದು ಮಿಶನ್ ನಿಂತಿತ್ತು. ಗಳಗನಾಥರ ಹಿಂದೆ ಯಾರೂ ಇರಲಿಲ್ಲ. ಕಾಗದದ ಕ್ರಯವನ್ನೂ ಅಚ್ಚಿನ ಕೂಲಿಯನ್ನೂ ಗ್ರಂಥಕರ್ತನೇ ಕೊಡಬೇಕು. ಅಚ್ಚಾದ ಪ್ರತಿಗಳು ಮನೆಯ ಮೂಲೆಗೆ ಬಂದು ಬೀಳುವವು. ಅವು ಮಾರಿ ಹೋಗುವ ತನಕ ಹಾಕಿದ ಹಣವು ಹಣವಲ್ಲ, ಗೆದ್ದಲಿನ ಆಹಾರವು. ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಗಳಿಲ್ಲ. ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವ ಅಭ್ಯಾಸವೂ ಜನರಿಗಿಲ್ಲ. ಒಬ್ಬನು ಕೊಂಡರೆ ಊರೆಲ್ಲ ಎರವಲು ಒಯ್ಯುವದು.

ಇದಕ್ಕೆ ಗಳಗನಾಥರು ಕಂಡುಕೊಂಡ ಉಪಾಯವು ಬಹು ಸರಳವಾದದ್ದು, ಬಹು ಕಠಿಣವಾದದ್ದೂ ಹೌದು. ಪುಸ್ತಕಗಳ ಗಂಟನ್ನು ಕಟ್ಟಿ ತಲೆಯ ಮೇಲೆ ಹೊತ್ತು ಊರೂರಿಗೆ ಹೋಗಿ ತಾವೇ ಮಾರಿದರು. ಸುವಾರ್ತೆಯ ಪುಸ್ತಕಗಳನ್ನು ಹೊತ್ತು ಸಂತೆಯಿಂದ ಸಂತೆಗೆ ನಡೆದ ಸಹೋದರರನ್ನು ನಮ್ಮ ಸಭೆಗಳ ಹಿರಿಯರು ಕಂಡಿದ್ದರು. ಆದರೆ ಆ ಸಹೋದರರು ಬೇರೊಬ್ಬರು ಬರೆದದ್ದನ್ನು ಮಾರುತ್ತಿದ್ದರು. ತಾನು ಬರೆದದ್ದನ್ನು ತಾನೇ ಮಾರುವವನಿಗೆ ನಾಚಿಕೆ ಹೆಚ್ಚು. ಬೇಡವೆಂದವರು ಪುಸ್ತಕವನ್ನು ಮಾತ್ರವಲ್ಲ, ಅವನನ್ನೂ ಬೇಡವೆಂದ ಹಾಗಾಗುವದು. ಕುಲವನ್ನೂ ಓದನ್ನೂ ನೆಚ್ಚಿ ಕೂತಿದ್ದರೆ ಮಾಸ್ತರರಾಗಿದ್ದವರೊಬ್ಬರು ಗಂಟು ಹೊರುತ್ತಿರಲಿಲ್ಲ. ಅವರು ಹೊತ್ತರು.

1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಟಿತು. ಗಳಗನಾಥರು ಅದರ ಸಂಪಾದಕರಾದರು. ಅವರ ಕಾದಂಬರಿಗಳು ಅದರಲ್ಲಿ ತಿಂಗಳು ತಿಂಗಳಿಗೆ ಭಾಗಭಾಗವಾಗಿ ಬಂದವು. ಇಲ್ಲಿ ವ್ಯಾಪಾರದ ರಹಸ್ಯವೊಂದಿದೆ. ಪುಸ್ತಕವನ್ನು ಮಾರಿದವನು ಪ್ರತಿಸಲವೂ ಹೊಸ ಗಿರಾಕಿಯನ್ನು ಹುಡುಕಬೇಕು. ಪತ್ರಿಕೆಗೆ ಚಂದಾ ಕೊಟ್ಟವನಾದರೋ ವರ್ಷವೆಲ್ಲಾ ಗಿರಾಕಿಯೇ. ಕಥೆಯು ಮುಂದೇನಾಯಿತೆಂದು ತಿಳಿಯುವ ಆಶೆಯಿಂದ ಮರುವರ್ಷವೂ ಚಂದಾ ಕಳುಹಿಸುವನು. ಮಠದ ಪತ್ರಿಕೆಯು ಹೀಗೆ ಕಥೆಯ ಬಲದಿಂದ ಬಹು ಮನೆಗಳನ್ನು ಹೊಕ್ಕಿತು.

ಶಾಲೆಯ ಕೆಲಸವನ್ನು ಬಿಟ್ಟು ಪೂರ್ಣವಾಗಿ ಲೇಖನಿಯನ್ನೇ ನಂಬಿದ ಮೇಲೆ ಅವರು ‘ಸದ್ಗುರು’ ಎಂಬ ತಮ್ಮ ಸ್ವಂತ ಪತ್ರಿಕೆಯನ್ನೂ ನಡಿಸಿದರು. ಈ ಹೆಜ್ಜೆಯೇ ನಮಗೆ ವಿಚಾರಕ್ಕೆ ಅರ್ಹವಾದದ್ದು. ಸಂಬಳವಿದ್ದಾಗ ಒಂದು ಪುಸ್ತಕವು ಮಾರದೆ ಹೋದರೆ ಒಲೆಯು ಆರುತ್ತಿರಲಿಲ್ಲ. ಬಿಟ್ಟ ಮೇಲೆ ಅಚ್ಚಿನ ಸಾಲವೂ ಮನೆಯ ಅಕ್ಕಿಯೂ ಒಂದೇ ಗಂಟಿನಿಂದ ಹೊರಡಬೇಕಾಯಿತು. ಇದರೊಂದಿಗೆ ಬೆಂಗಳೂರಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಹೋಲಿಸಿ ನೋಡಬಹುದು. ಅವರು 1914ರಿಂದ ಮೈಸೂರು ಸಿವಿಲ್ ಸರ್ವಿಸಿನಲ್ಲಿದ್ದು, ಕೆಲಸದ ಜೊತೆಯಲ್ಲಿಯೇ ಕಥೆಗಳನ್ನು ಬರೆದು, ಅಧಿಕಾರವನ್ನು ಬಿಟ್ಟ ಮೇಲೆ 1944ರಿಂದ 1965ರ ವರೆಗೆ ‘ಜೀವನ’ ಪತ್ರಿಕೆಯನ್ನು ನಡಿಸಿದರು. ದೊಡ್ಡ ಅಧಿಕಾರಿಯು ಮೂವತ್ತು ವರ್ಷ ಕಾದು ಮಾಡಿದ್ದನ್ನು ಹಳ್ಳಿಯ ಮಾಸ್ತರರು ಕೈಯಲ್ಲಿ ಹಣವಿಲ್ಲದೆಯೇ ಮಾಡಿದರು. ಯಾವದು ಬುದ್ಧಿವಂತಿಕೆಯೆಂದು ಕೇಳಿದರೆ ಮಾಸ್ತಿಯವರ ದಾರಿಯೇ ಎಂದು ನಾವು ಹೇಳುವೆವು. ಆದರೆ ಗಳಗನಾಥರೂ ಅಷ್ಟು ಕಾಲ ಕಾದಿದ್ದರೆ ಆ ಸೀಮೆಯ ಒಂದು ತಲೆಮಾರು ಕನ್ನಡ ಓದದೆ ಕಳೆಯುತ್ತಿತ್ತು.

ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವೂ, ಅದರ ಪತನವನ್ನು ಕುರಿತ ‘ಕನ್ನಡಿಗರ ಕರ್ಮಕಥೆ’ಯೂ ಅವರ ಕಾದಂಬರಿಗಳಲ್ಲಿ ಬಹು ಪ್ರಸಿದ್ಧವಾದವು. ಎರಡನೆಯದಕ್ಕೆ ಮೂಲವು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯು. ಮರಾಠಿಯ ಕಥೆಯನ್ನೇ ಕನ್ನಡಕ್ಕೆ ತಂದು, ಮರಾಠಿ ಓದುತ್ತಿದ್ದವರನ್ನು ಕನ್ನಡಕ್ಕೆ ತಿರುಗಿಸಿದ್ದು ಜಾಣತನವೇ ಸರಿ. ಇತ್ತ ಮೈಸೂರು ಸೀಮೆಯಲ್ಲಿ ಮುನಸೀಫರಾಗಿದ್ದ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರ ಕಾದಂಬರಿಗಳನ್ನು ಹೀಗೆಯೇ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿಯ ಓದುಗರನ್ನು ಮಾಡಿದವರು ಇವರಿಬ್ಬರೆಂದು ಹೇಳುವ ವಾಡಿಕೆಯುಂಟು.

ಓದುಗರು ಹೆಚ್ಚಿದರು, ಗಳಗನಾಥರು ಮಾತ್ರ ಐಶ್ವರ್ಯವಂತರಾಗಲಿಲ್ಲ. 1942ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇಪ್ಪತ್ತಕ್ಕಿಂತ ಹೆಚ್ಚು ಕಾದಂಬರಿಗಳನ್ನು ಅವರು ಬಿಟ್ಟುಹೋದರು.