ಶ್ರೀ ಭಟ್ಟಾಕಳಂಕದೇವರು

ಉತ್ತರ ಕನ್ನಡ ಜಿಲ್ಲೆಯ ಭಟಕಳ ತಾಲ್ಲೂಕಿನಲ್ಲಿ, ಘಟ್ಟದ ಅಡಿಯ ಕಾಡಿನ ನಡುವೆ, ಹಾಡುವಳ್ಳಿಯೆಂಬ ಗ್ರಾಮವಿರುವುದು. ಸಂಸ್ಕೃತದಲ್ಲಿ ಬರೆದವರು ಇದನ್ನೇ ಸಂಗೀತಪುರವೆಂದು ಕರೆದರು. ಒಂದು ಕಾಲಕ್ಕೆ ಅದು ಸಾಳುವ ಅರಸರ ರಾಜಧಾನಿಯೂ ಜೈನ ವಿದ್ಯೆಯ ಪೀಠವೂ ಆಗಿದ್ದಿತು. ಆ ಪೀಠದ ಅಕಳಂಕದೇವರ ಶಿಷ್ಯರಾಗಿ, ಕನ್ನಡ ನುಡಿಗೆ ಮಹೋಪಕಾರವನ್ನೆಸಗಿದವರು ಭಟ್ಟಾಕಳಂಕದೇವರು. ವಚನತತ್ತ್ವವನ್ನು ಬೋಧಿಸುವ ಪತ್ರಿಕೆಯಲ್ಲಿ ಜಿನಮುನಿಯೊಬ್ಬರ ಚರಿತ್ರೆಯೇಕೆಂದು ಸದ್ಭಕ್ತರಾದ ವಾಚಕರು ಕೇಳಬಹುದು. ತನ್ನ ಮತವನ್ನು ಬಿಡದೆ, ಆ ಮತವನ್ನು ಒಪ್ಪದವರ ಮುಂದೆ ವಾದವನ್ನು ನಡೆಸುವ ಬಗೆಯನ್ನು ಇವರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ವಿರಳ.

ಇವರ ಕಾಲದಲ್ಲಿ ಆ ಸೀಮೆಯನ್ನು ಆಳುತ್ತಿದ್ದವಳು ರಾಣಿ ಚೆನ್ನಭೈರಾದೇವಿ. ಹೊನ್ನಾವರ ತಾಲ್ಲೂಕಿನ ಶರಾವತಿಯ ತೀರದ ಗೇರುಸೊಪ್ಪೆಯೂ ಕುಮಟಾ ತಾಲ್ಲೂಕಿನ ಅಘನಾಶಿನಿಯ ತೀರದ ಮಿರ್ಜಾನ್ ಕೋಟೆಯೂ ಅವಳ ಅಧೀನದಲ್ಲಿದ್ದುವು. ಕರಿಮೆಣಸಿನ ವ್ಯಾಪಾರದಿಂದ ಆ ನಾಡು ಸಂಪನ್ನವಾಗಿದ್ದಿತು. ಪೋರ್ತುಗೀಜರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಅವಳು ಜಿನಧರ್ಮದವಳು. ಬಸದಿಗಳಿಗೂ ಮಠಕ್ಕೂ ಆಶ್ರಯವಿದ್ದುದರಿಂದ ವಿದ್ವಾಂಸರ ವ್ಯಾಸಂಗಕ್ಕೆ ಕೊರತೆಯಿರಲಿಲ್ಲ.

ಕೊರತೆಯಿದ್ದುದು ಕನ್ನಡದ ಮಾನಕ್ಕೆ. ಸಾಧುಶಬ್ದದ ಪ್ರಯೋಗದಿಂದ ಪುಣ್ಯವೂ ಅಪಶಬ್ದದಿಂದ ಪಾಪವೂ ಉಂಟೆಂಬುದು ಹಳೆಯ ವೈಯಾಕರಣ ಪರಂಪರೆಯ ನಂಬಿಕೆ. ಇದನ್ನು ಹಿಡಿದ ಪಂಡಿತರು, ದೇಶಭಾಷೆಯು ಶಾಸ್ತ್ರಕ್ಕೆ ಉಪಯೋಗವಾಗದು, ಅದಕ್ಕೆ ವ್ಯಾಕರಣದ ಗೌರವವೇ ಸಲ್ಲದು ಎನ್ನುತ್ತಿದ್ದರು. ಹೊರನೋಟಕ್ಕೆ ಇದು ಭಾಷೆಯ ವಿಷಯವಾದರೂ ಅದರ ಬೇರು ಧರ್ಮದ ಮಾತಿನಲ್ಲಿದ್ದಿತು. ಶಾಸ್ತ್ರವು ಯಾರ ಕಿವಿಗೆ ತಲುಪಬೇಕು, ಯಾರ ಕಿವಿಗೆ ತಲುಪಬಾರದು ಎಂಬ ಪ್ರಶ್ನೆಯು ಅದರ ಹಿಂದೆ ಅಡಗಿದ್ದಿತು. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಅನುಭಾವವನ್ನು ಕನ್ನಡದಲ್ಲಿ ನುಡಿದು ಈ ಪ್ರಶ್ನೆಗೆ ಕೃತಿಯಿಂದ ಉತ್ತರವಿತ್ತಿದ್ದರು. ಆದರೆ ಪಂಡಿತರ ಸಭೆಯಲ್ಲಿ ವಾದವು ಹಾಗೆಯೇ ಉಳಿದಿದ್ದಿತು.

ಕ್ರಿ.ಶ. 1604ರಲ್ಲಿ ಭಟ್ಟಾಕಳಂಕದೇವರು ಕರ್ನಾಟಕ ಶಬ್ದಾನುಶಾಸನವನ್ನು ಪೂರ್ಣಗೊಳಿಸಿದರು. ನಾಲ್ಕು ಪಾದಗಳು, 592 ಸೂತ್ರಗಳು. ಸೂತ್ರಗಳಿಗೆ ಭಾಷಾಮಂಜರಿಯೆಂಬ ವೃತ್ತಿಯನ್ನೂ ಆ ವೃತ್ತಿಗೆ ಮಂಜರೀಮಕರಂದವೆಂಬ ವ್ಯಾಖ್ಯಾನವನ್ನೂ ತಾವೇ ರಚಿಸಿದರು. ಕನ್ನಡದ ವ್ಯಾಕರಣವೇ ಆದರೂ ಗ್ರಂಥವೆಲ್ಲ ಸಂಸ್ಕೃತದಲ್ಲಿದೆ. ಮೂರು ಶತಮಾನಗಳಿಗೆ ಹಿಂದೆ ಕೇಶಿರಾಜನು ಶಬ್ದಮಣಿದರ್ಪಣವನ್ನು ಕನ್ನಡದಲ್ಲಿಯೇ ಬರೆದಿದ್ದನಷ್ಟೆ. ಇವರೇಕೆ ಸಂಸ್ಕೃತವನ್ನು ಆರಿಸಿಕೊಂಡರೆಂದು ಕೆಲವರು ಮೂಗುಮುರಿಯುವುದುಂಟು. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕನ್ನಡವನ್ನು ಹಳಿಯುತ್ತಿದ್ದವರು ಸಂಸ್ಕೃತಜ್ಞರು. ಅವರಿಗೆ ಅವರ ನುಡಿಯಲ್ಲಿ, ಪಾಣಿನಿಯ ಮಾರ್ಗದ ಸೂತ್ರಶೈಲಿಯಲ್ಲಿ ಉತ್ತರವನ್ನು ಕೊಡಬೇಕಾಗಿದ್ದಿತು.

ಆ ಉತ್ತರದ ರೀತಿಯೇ ಗಮನಾರ್ಹವಾದುದು. ಶಾಸ್ತ್ರಕಾರರ ಪದ್ಧತಿಯಂತೆ ಎದುರಾಳಿಯ ಆಕ್ಷೇಪವನ್ನು ಮೊದಲು ಎತ್ತಿಕೊಳ್ಳುವರು. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸದವನು ಸಿದ್ಧಾಂತವನ್ನು ಹೇಳಲು ಅರ್ಹನಲ್ಲವೆಂಬುದು ಪಾಠಶಾಲೆಗಳಲ್ಲಿ ಇಂದಿಗೂ ಕಲಿಸುವ ನಿಯಮ. ಬಳಿಕ, ಕನ್ನಡದಲ್ಲಿ ಶಾಸ್ತ್ರವಿಲ್ಲವೆಂಬುದು ಸುಳ್ಳೆಂದು ತೋರಿಸಲು, ತತ್ತ್ವಾರ್ಥಮಹಾಶಾಸ್ತ್ರದ ಮೇಲೆ ಚೂಡಾಮಣಿಯೆಂಬ 96,000 ಗ್ರಂಥಪ್ರಮಾಣದ ವ್ಯಾಖ್ಯಾನವು ಈ ಭಾಷೆಯಲ್ಲಿಯೇ ಇರುವುದನ್ನು ಮುಂದಿಡುವರು. ಕಾವ್ಯ, ನಾಟಕ, ಅಲಂಕಾರ, ಕಲೆಗಳನ್ನು ಕುರಿತ ಗ್ರಂಥಗಳನ್ನೂ ಹೆಸರಿಸುವರು. ಚೂಡಾಮಣಿಯು ಇಂದು ಉಪಲಬ್ಧವಿಲ್ಲದಿರುವುದು ಕನ್ನಡಿಗರ ದುರ್ದೈವ.

ತತ್ತ್ವಾರ್ಥವು ಜೈನರ ಪರಮಪೂಜ್ಯ ಗ್ರಂಥ. ಗ್ರಂಥಾರಂಭದಲ್ಲಿ ಜಿನನಿಗೆ ಕೈಮುಗಿದ ಈ ಮುನಿಗಳು, ನಮ್ಮ ಆಗಮವು ಹೀಗೆನ್ನುವುದು, ಆದುದರಿಂದ ಒಪ್ಪಿರಿ ಎಂದು ಕೇಳಬಹುದಾಗಿದ್ದಿತು. ಕೇಳಲಿಲ್ಲ. ಇಷ್ಟು ಗಹನವಾದ ಶಾಸ್ತ್ರವನ್ನು ಈ ಭಾಷೆಯು ಹೊತ್ತಿದೆಯೆಂಬುದಕ್ಕೆ ಮಾತ್ರ ಅದನ್ನು ಸಾಕ್ಷಿಯಾಗಿ ನಿಲ್ಲಿಸಿದರು. ತತ್ತ್ವಾರ್ಥವನ್ನು ನಂಬದ ವೈದಿಕನೂ ಶೈವನೂ ಆ ಸಾಕ್ಷಿಯನ್ನು ತೂಗಿ ನೋಡಬಹುದಾಗಿದ್ದಿತು.

ಈ ಗ್ರಂಥವು ಮುಗಿದ ಕೆಲವೇ ವರ್ಷಗಳಲ್ಲಿ ಕೆಳದಿಯ ವೆಂಕಟಪ್ಪನಾಯಕನು ಚೆನ್ನಭೈರಾದೇವಿಯನ್ನು ಸೋಲಿಸಿದನು. ಆ ವೃದ್ಧ ರಾಣಿಯು ಸೆರೆಯಲ್ಲಿಯೇ ಕೊನೆಯುಸಿರೆಳೆದಳು. ಕೆಳದಿಯ ಅರಸರು ನಮ್ಮವರು, ವೀರಶೈವರು. ಮೆಣಸೂ ಬಂದರುಗಳೂ ಆ ಯುದ್ಧಕ್ಕೆ ಕಾರಣವೆಂಬುದು ದಿಟವಾದರೂ, ಹಾಡುವಳ್ಳಿಯ ವೈಭವವು ಕುಂದಿದುದು ನಮ್ಮವರ ಕೈಯಿಂದ ಎಂಬುದನ್ನು ನಮ್ಮ ಪತ್ರಿಕೆಯಲ್ಲಿ ಮುಚ್ಚಿಡುವುದು ಸಲ್ಲದು. ಅರಸನ ಕತ್ತಿಯು ಕೋಟೆಯನ್ನು ಗೆದ್ದಿತು. ಮುನಿಗಳ ಒಂದು ಸೂತ್ರವೂ ಅದರಿಂದ ಅಳಿಯಲಿಲ್ಲ.

2017-18ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯನ್ನು ಕುರಿತು ನಮ್ಮ ಸಮಾಜದಲ್ಲಿ ನಡೆದ ಚರ್ಚೆಯನ್ನು ವಾಚಕರು ಮರೆತಿರಲಾರರು. 2018ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಕೇಂದ್ರಕ್ಕೆ ಶಿಫಾರಸನ್ನೂ ಕಳುಹಿಸಿತು. ಉಭಯ ಪಕ್ಷದವರೂ ವಚನಗಳನ್ನೂ ಆಗಮಗಳನ್ನೂ ಎತ್ತಿ ಹಿಡಿದರು. ಯಾವ ಪಕ್ಷವು ಸರಿಯೆಂದು ನಿರ್ಣಯಿಸುವುದು ಇಲ್ಲಿನ ವಿಷಯವಲ್ಲ. ಆದರೆ ಅಂದಿನ ವೇದಿಕೆಗಳಲ್ಲಿ ಪೂರ್ವಪಕ್ಷವನ್ನು ನೆಟ್ಟಗೆ ಹೇಳಿದವರೆಷ್ಟು ಮಂದಿ? ಗುರುವಾಕ್ಯವು ಭಕ್ತನಿಗೆ ಮನೆಯಲ್ಲಿ, ಮಠದಲ್ಲಿ ಸಾಕು. ಎಲ್ಲ ಮತದವರೂ ಸಮನಾಗಿ ಕುಳಿತ ಶಾಸನಸಭೆಯಲ್ಲಿ ಅದೇ ವಾಕ್ಯದ ಹುರುಳನ್ನು ಬಿಡಿಸಿ, ಇತರರು ತೂಗಬಲ್ಲ ಕಾರಣವಾಗಿ ಇಡಬೇಕಾಗುವುದು. ಧರ್ಮವಂತನು ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆನ್ನುವವರನ್ನೂ ನಾನು ಒಪ್ಪಲಾರೆ. ಹಾಗಾದರೆ ಹುಟ್ಟಿನಿಂದ ಮೇಲುಕೀಳಿಲ್ಲವೆಂಬ ಶರಣರ ಮಾತಿಗೂ ಅಲ್ಲಿ ಎಡೆಯಿಲ್ಲದಂತಾಗುವುದು.

ಶಬ್ದಾನುಶಾಸನವನ್ನು ಬಿ. ಎಲ್. ರೈಸರು 1890ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರ ಪರಿಷ್ಕೃತ ಮುದ್ರಣವು 1923ರಲ್ಲಿ ಹೊರಬಂದಿತು. ಅದೇ 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವೂ ಬೆಳಕನ್ನು ಕಂಡಿತು. ಅದು ಅಚ್ಚಾದುದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ.